ತಿರುಗಿ ಹಾಕಿದ ಚೀಟಿ

ಮೊನ್ನೆ ಗೋಕಾಕದಿಂದ ಹುಕ್ಕೇರಿಗೆ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಮ್ಮ ಸಭೆಯವರು ಒಂದು ತಗಡಿನ ಡಬ್ಬಿ ಕೊಟ್ಟು ಕಳಿಸಿದರು. ಕರದಂಟಿನ ಹಳೆಯ ಡಬ್ಬಿ. ಮುಚ್ಚಳದ ಬಣ್ಣ ಪೂರ್ತಿ ಹೋಗಿದೆ, ತೆರೆದರೆ ಮಾತ್ರ ಇವತ್ತಿಗೂ ತುಪ್ಪ ಮತ್ತು ಅಂಟಿನ ವಾಸನೆ. ಒಳಗೆ ಒಂದು ಕತ್ತರಿ, ಒಂದು ನೀಲಿ ಪೆನ್ನು, ಅರ್ಧಂಬರ್ಧ ಕತ್ತರಿಸಿದ ಲಗ್ನಪತ್ರಿಕೆಗಳು. ಆಮೇಲೆ ಸಭೆಯ ಹಿರಿಯರ ಫೋನು. "ಈ ವರ್ಷದ ವಾಗ್ದಾನದ ಚೀಟಿ ನೀವ ಬರೀಬೇಕ್ರಿ ಸಿಸ್ಟರ್. ಅಕ್ಕೋರ ಕೈಯಾಗ ಅಕ್ಷರ ತಿದ್ದಿದವ್ರು ನೀವ ಅದೀರಿ." ನನಗೆ ರೇಗಿತು. ಬದುಕಿದ್ದಾಗ ಕೊಟ್ಟ ಕಾಟ ಸಾಲದೆಂದು ಅಕ್ಕೋರು ತೀರಿಕೊಂಡ ಮೇಲೂ ಬಸ್ಸಿಗೆ ಹಾಕಿ ಕೆಲಸ ಕಳಿಸಿದ್ದಾರೆ.

ನಮ್ಮದು ಗೋಕಾಕದಲ್ಲಿ ನಲವತ್ತು ಮನೆಗಳ ಸಣ್ಣ ಕ್ರೈಸ್ತ ಸಭೆ. ಹೊಸ ವರ್ಷದ ಮುಂಜಾನೆ ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಮುಂದೆ ಹೋಗಿ ಡಬ್ಬಿಯಲ್ಲಿ ಕೈ ಹಾಕಿ ಒಂದು ಮಡಚಿದ ಚೀಟಿ ತೆಗೆಯುವುದು ನಮ್ಮ ರೂಢಿ. ಅದರಲ್ಲಿ ಬರೆದ ವಾಕ್ಯವೇ ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು. ಕೆಲವರು ಅದನ್ನು ಪಾಕೀಟಿನಲ್ಲಿ ಇಟ್ಟುಕೊಳ್ಳುತ್ತಾರೆ, ಕೆಲವರು ಕಪಾಟಿನ ಬಾಗಿಲಿಗೆ ಅಂಟಿಸುತ್ತಾರೆ, ಇನ್ನು ಕೆಲವರು ಅದನ್ನೇ ನೋಡಿ ಮಗಳ ಮದುವೆ, ಮನೆಯ ಪಾಯ, ಕೆಲಸದ ರಾಜೀನಾಮೆ ಎಲ್ಲವನ್ನೂ ನಿಶ್ಚಯಿಸಿಬಿಡುತ್ತಾರೆ. ಅಚ್ಚು ಹಾಕಿದ ಚೀಟಿಗಳು ಪೇಟೆಯಲ್ಲಿ ಸಿಗುತ್ತವೆ, ಗುಲಾಬಿ ಹೂವಿನ ಚಿತ್ರದ್ದು, ಸೂರ್ಯೋದಯದ್ದು. ಅಕ್ಕೋರಿಗೆ ಅವು ಆಗುತ್ತಿರಲಿಲ್ಲ. "ಅದರಾಗ ಬರೇ ಆಶೀರ್ವಾದ ಅದಾವ. ಬೈದದ್ದು ಎಲ್ಲೈತಿ?" ಎನ್ನುತ್ತಿದ್ದರು. ಅದಕ್ಕೇ ಎಲ್ಲವನ್ನೂ ತಮ್ಮ ಕೈಯಿಂದಲೇ ಬರೆಯುತ್ತಿದ್ದರು. ನಾಲಗೆ ಹಿಡಿತದಲ್ಲಿಡು, ನೆರೆಯವನ ಜೊತೆ ರಾಜಿಯಾಗು, ಇಂಥವೂ ಧಾರಾಳವಾಗಿ ಇರುತ್ತಿದ್ದವು. ಒಂದು ಮನೆಯವರಿಗೆ ಮೂರು ವರ್ಷ ಸಾಲಾಗಿ ಜಗಳ ಬಿಡು ಎಂಬ ವಾಕ್ಯವೇ ಬಂತು. ಅಕ್ಕೋರು ಬೇಕಂತಲೇ ಇಟ್ಟಿದ್ದಾರೆ ಎಂದು ಅವರು ಅಕ್ಕೋರ ಜೊತೆಗೇ ಜಗಳ ತೆಗೆದರು.

ಬರೆಯಲು ಕಾಗದವೂ ಅವರದೇ ಲೆಕ್ಕದ್ದು. ಬಾಜೂ ಮನೆಯ ಜೈನರ ಅವ್ವ ವರ್ಷವಿಡೀ ಕೂಡಿಟ್ಟು ಕೊಟ್ಟ ಲಗ್ನಪತ್ರಿಕೆಗಳು. ಹೀಗಾಗಿ ಮುಂದಿನ ಬದಿಗೆ ದೇವರ ವಾಕ್ಯ, ಹಿಂದಿನ ಬದಿಗೆ ಯಾರದೋ ಮದುವೆಯ ಮುಹೂರ್ತ, ಒಮ್ಮೊಮ್ಮೆ ಗಣಪತಿಯ ಅರ್ಧ ಸೊಂಡಿಲು. ಹಿರಿಯರೊಬ್ಬರು ಇದು ಸರಿಯಲ್ಲ ಎಂದು ತಕರಾರು ಮಾಡಿದಾಗ "ಹಿಂದ ನೋಡಬ್ಯಾಡ್ರಿ, ಮುಂದ ಓದ್ರಿ" ಎಂದು ಮಾತು ಮುಗಿಸಿದರು.

ಅವರು ನನಗೆ ಮೂರನೇ ಇಯತ್ತೆಯಲ್ಲಿ ಕಲಿಸಿದವರು. ಗೋಕಾಕದ ಕನ್ನಡ ಸಾಲೆಯಲ್ಲಿ ಒಂದು ಆಯುಷ್ಯವನ್ನೇ ಕಳೆದು ನಿವೃತ್ತರಾದರು. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿತ್ತು. ಎತ್ತರದ ಆಳು, ಬಿಳಿ ಸೀರೆ, ಮಳೆ ಇರಲಿ ಬಿಸಿಲಿರಲಿ ಕಂಕುಳಲ್ಲಿ ಕೊಡೆ. ಪ್ರಾರ್ಥನಾಲಯಕ್ಕೆ ಎಲ್ಲರಿಗಿಂತ ಅರ್ಧ ತಾಸು ಮೊದಲು ಬಂದು ಕಿಟಕಿಗಳ ಕೊಂಡಿ ಸರಿಯಿವೆಯೇ ಎಂದು ನೋಡುತ್ತಿದ್ದರು. ಮೂಡಣ ಗೋಡೆಯ ಗಾಜಿನ ಕಿಟಕಿಗೆ ಕೊಂಡಿ ಸರಿಯಾಗಿ ಬೀಳುತ್ತಲೇ ಇರಲಿಲ್ಲ. ಅದನ್ನು ನೋಡುತ್ತ ನಿಲ್ಲುವುದು ಅವರ ಅಭ್ಯಾಸ. ಬಡಿಗನನ್ನು ಕರೆಸಿ ಅಂದರೆ "ಕರಸೋಣು" ಎನ್ನುವರು, ಕರೆಸುವುದಿಲ್ಲ.

ಅವರ ಅಂತ್ಯಕ್ರಿಯೆಯ ದಿನ ಪಾಸ್ಟರು "ಇವರು ಜೀವಮಾನವಿಡೀ ದೇವರ ಚಿತ್ತವನ್ನು ತಿಳಿದು ನಡೆದವರು" ಎಂದು ಹೇಳಿದರು. ಹಿಂದಿನ ಸಾಲಿನಲ್ಲಿದ್ದ ನಾನು ಹಲ್ಲು ಕಚ್ಚಿಕೊಂಡು ಕುಳಿತೆ. ತಿಳಿದಿದ್ದರೆ ಒಬ್ಬರಿಗಾದರೂ ಹೇಳಬೇಕಿತ್ತಲ್ಲ. ದೇವರ ಚಿತ್ತ ಏನು ಎಂದು ಕೇಳಲು ಇಡೀ ಸಭೆ ಹೋಗುತ್ತಿದ್ದುದು ಅವರ ಬಾಗಿಲಿಗೇ. ಹೋದವರಿಗೆಲ್ಲ ಅವರ ಪ್ರಶ್ನೆ ಮೂರು. "ಉಂಡೀಯೇನು? ನಿದ್ದಿ ಆಗೇತೇನು? ಯಾರ ಮ್ಯಾಲರ ಸಿಟ್ಟ ಅದೀಯೇನು?" ಈ ಮೂರರಲ್ಲಿ ಒಂದು ನೆಟ್ಟಗಿಲ್ಲದಿದ್ದರೂ ಮಾತು ಅಲ್ಲಿಗೇ ಮುಗಿಯಿತು. "ಮೊದಲ ಅದನ್ನ ಸರಿ ಮಾಡ್ಕೊಂಡ ಬಾ. ಈಗ ದೇವರು ಒದರಿ ಹೇಳಿದ್ರೂ ನಿನಗ ಕೇಳಸೂದಿಲ್ಲ."

ಮೇಲವಂಕಿಯಿಂದ ಆರಾಧನೆಗೆ ಬರುತ್ತಿದ್ದ ಕಾಕಾ ಒಬ್ಬರಿದ್ದರು. ತಮ್ಮ ಎರಡು ಎಮ್ಮೆ ಮಾರಬೇಕೋ ಬೇಡವೋ ಎಂದು ದೇವರಲ್ಲಿ ಗುರುತು ಕೇಳಿದ್ದರಂತೆ. ಸೋಮವಾರ ಬಸ್ಸು ಒಂಬತ್ತಕ್ಕಿಂತ ಮೊದಲು ಬಂದರೆ ಮಾರುವುದು, ಆಮೇಲೆ ಬಂದರೆ ಬಿಡುವುದು. ಬಸ್ಸು ಸರಿಯಾಗಿ ಒಂಬತ್ತಕ್ಕೆ ಬಂತು. ಕಾಕಾ ಗಾಬರಿಯಾಗಿ ಅದೇ ಬಸ್ಸು ಹತ್ತಿ ಅಕ್ಕೋರ ಮನೆಗೆ ಬಂದರು. ನಾನು ಅಲ್ಲೇ ಇದ್ದೆ.

"ನಿನ್ನ ಎಮ್ಮಿ ತನ್ನ ಕೈಯಾಗ ಅದಾವಂತ ಆ ಡ್ರೈವರಗ ಗೊತ್ತೈತೇನು?" ಎಂದು ಅಕ್ಕೋರು ಕೇಳಿದರು.

"ಇಲ್ರಿ."

"ಎಮ್ಮಿ ಹಾಲ ಕೊಡ್ತಾವಿಲ್ಲ?"

"ಕೊಡ್ತಾವ್ರಿ."

"ಮೇವ ಐತಿಲ್ಲ?"

"ಐತ್ರಿ."

"ಮತ್ತ ಯಾಕ ಮಾರ್ತಿ?"

ಕಾಕಾ ಕುತ್ತಿಗೆ ತುರಿಸಿಕೊಂಡರು. ಕೊನೆಗೆ ಹೊರಬಿದ್ದದ್ದು ಇಷ್ಟು: ಮೇವು ಯಾರು ಕೊಯ್ದು ತರಬೇಕು ಎಂದು ಹೆಂಡತಿಯ ಜೊತೆ ಮಾತು ಬಿಟ್ಟು ಎಂಟು ದಿನವಾಗಿತ್ತು. "ಮೂರನೇ ಪ್ರಶ್ನ್ಯಾಗ ನಪಾಸ ಆದಿ ನೋಡು, ಮನಿಗಿ ಹೋಗು" ಎಂದು ಅಕ್ಕೋರು ಚಹಾ ಕುಡಿಸಿ ಕಳಿಸಿದರು. ನನಗೆ ಆವತ್ತು ಭಾರೀ ನಗು ಬಂದಿತ್ತು. ನನ್ನದೇ ಸರದಿ ಬಂದಾಗ ನಗು ಬರಲಿಲ್ಲ.

ನಾನಾಗ ಮೂಡಲಗಿಯ ಆಸ್ಪತ್ರೆಯಲ್ಲಿ ನರ್ಸ್. ಮೂವತ್ತೊಂದು ದಾಟಿತ್ತು. ಅವ್ವ ಪ್ರತಿ ರವಿವಾರ ನನ್ನ ಮದುವೆಗಾಗಿ ಗಟ್ಟಿಯಾಗಿ, ಸಭೆಗೆಲ್ಲ ಕೇಳುವಂತೆ ಪ್ರಾರ್ಥನೆ ಮಾಡುತ್ತಿದ್ದಳು. ಆ ಡಿಸೆಂಬರಿನಲ್ಲಿ ಹುಕ್ಕೇರಿಯಿಂದ ಒಂದು ಸಂಬಂಧ ಬಂತು. ಹೈಸ್ಕೂಲಿನ ಗಣಿತದ ಮಾಸ್ತರು. ಹೆಂಡತಿ ತೀರಿಕೊಂಡು ಎರಡು ವರ್ಷ, ನಾಲ್ಕು ವರ್ಷದ ಮಗಳು, ಹೆಸರು ಕರುಣಾ. ಹೋಗಿ ನೋಡಿ ಬಂದೆವು. ಮಾಸ್ತರು ಒಳ್ಳೆಯವರು, ಸ್ವಲ್ಪ ಮಾತು ಕಡಿಮೆ. ನನಗೆ ಹೌದು ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಮತ್ತೊಬ್ಬಳು ಕಟ್ಟಿದ ಮನೆ, ಮತ್ತೊಬ್ಬಳು ಹೆತ್ತ ಮಗು. ಇದು ದೇವರ ಚಿತ್ತವೋ ಅಥವಾ ವಯಸ್ಸಾಯಿತೆಂಬ ನನ್ನ ಹೆದರಿಕೆಯೋ? ಅಕ್ಕೋರ ಮನೆಗೆ ಹೋದೆ. ಊಟವಾಗಿತ್ತು, ನಿದ್ದೆಯಾಗಿತ್ತು, ಸಿಟ್ಟು ಅವ್ವನ ಮೇಲಿತ್ತು, ದಾರಿಯಲ್ಲೇ ಕ್ಷಮಿಸಿ ಬಂದಿದ್ದೆ.

"ಆ ಹುಡುಗಿನ್ನ ನೋಡಿದೇನು?" ಎಂದರು ಅಕ್ಕೋರು.

"ನೋಡಿದ್ನಿರಿ, ಪಡದೆ ಹಿಂದ ನಿಂತಿದ್ಲು. ನಾ ಮಾಸ್ತರನ್ನ ನೋಡಾಕ ಹೋಗಿದ್ದೆ."

"ನೀ ಮಾಸ್ತರನ್ನಷ್ಟ ಮದಿವಿ ಆಗೂದಿಲ್ಲ. ಮತ್ತೊಮ್ಮೆ ಹೋಗಿ ಬಾ."

"ಅಕ್ಕೋರ, ದೇವರ ಚಿತ್ತ ಏನಂತ ಕೇಳಾಕ ಬಂದ್ರ ಹುಕ್ಕೇರಿಗಿ ಹೋಗು ಅಂತೀರಲ್ರಿ."

"ಹುಕ್ಕೇರಿಗಿ ಬಸ್ಸ ಐತಿ. ಸ್ವರ್ಗಕ್ಕ ಇಲ್ಲ."

ತಲೆ ಕೆಟ್ಟು ಹೋಯಿತು. ಆದರೂ ಹೋದೆ. ಈ ಸಲ ಅವ್ವ ಇಲ್ಲ, ಚಹಾ ಚೂಡಾದ ಸಂಭ್ರಮ ಇಲ್ಲ. ಮಾಸ್ತರು ಬಟ್ಟೆ ಒಣಗಿಸುತ್ತಿದ್ದರು. ಹುಡುಗಿ ಪಡದೆಯ ಹಿಂದಿನಿಂದ ಬಂದು, ದೂರದಲ್ಲೇ ನಿಂತು ನನ್ನ ಬ್ಯಾಗು ನೋಡಿ "ನೀ ಸೂಜಿ ಮಾಡ್ತಿಯೇನು?" ಎಂದು ಕೇಳಿದಳು. ಮನೆಯಲ್ಲಿ ಮಾಡುವುದಿಲ್ಲ, ಆಸ್ಪತ್ರೆಯಲ್ಲಿ ಮಾತ್ರ ಅಂದೆ. ಅವಳು ಸ್ವಲ್ಪ ವಿಚಾರ ಮಾಡಿ "ಹಂಗಾರ ಇರು" ಎಂದಳು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಮನಸ್ಸು ಹೌದು ಎಂದುಬಿಟ್ಟಿತ್ತು. ಆದರೆ ಮನಸ್ಸು ಹೌದು ಎಂದರೆ ದೇವರೂ ಹೌದು ಎಂದಂತೆ ಆಗುತ್ತದೆಯೇ? ಅದಕ್ಕೆ ಚೀಟಿ ಇದೆಯಲ್ಲ ಎಂದುಕೊಂಡೆ. ಹೊಸ ವರ್ಷಕ್ಕೆ ಹತ್ತೇ ದಿನ ಉಳಿದಿತ್ತು.

ಹೊಸ ವರ್ಷದ ಮುಂಜಾನೆ ಡಬ್ಬಿ ಹಿಡಿದು ನಿಂತವರು ಅಕ್ಕೋರೇ. ನನ್ನ ಹಿಂದೆ ಅವ್ವ. ಕೈ ಹಾಕಿ ಒಂದು ಚೀಟಿ ತೆಗೆದು ಅಲ್ಲೇ ಬಿಚ್ಚಿ ಓದಿದೆ. ಬಹಳ ಸಣ್ಣ ವಾಕ್ಯ. ಕಾದಿರು ಎಂಬುದಷ್ಟೇ ಅದರ ಅರ್ಥ. ಮೂವತ್ತೊಂದು ವರ್ಷ ಕಾದಿದ್ದು ಸಾಲಲಿಲ್ಲವೇ ಎಂದು ಸಿಟ್ಟು ಬಂತು. ಆ ಹುಡುಗಿ ಇರು ಎಂದಿದ್ದಾಳೆ, ಇಲ್ಲಿ ದೇವರು ನಿಲ್ಲು ಎನ್ನುತ್ತಿದ್ದಾನೆ. ಅಕ್ಕೋರು ಕಿಟಕಿಯ ಕೊಂಡಿಯ ಕಡೆ ಮುಖ ತಿರುಗಿಸಿದ್ದರು. ನಾನು ಚೀಟಿ ಮಡಚಿ ತಿರುಗಿ ಡಬ್ಬಿಗೆ ಹಾಕಿ ಇನ್ನೊಂದು ತೆಗೆದೆ. ಹೆದರಬೇಡ ಎಂಬ ವಾಕ್ಯ ಬಂತು. ಅದನ್ನು ಅವ್ವನಿಗೆ ತೋರಿಸಿದೆ. ಅವ್ವ ಅಲ್ಲೇ ಅತ್ತು, ಸಂಜೆಯೊಳಗೆ ಹುಕ್ಕೇರಿಗೆ ಫೋನು ಮಾಡಿಸಿದಳು. ಮೇ ತಿಂಗಳಲ್ಲಿ ಮದುವೆಯಾಯಿತು.

ದೇವರಿಗೆ ಮೋಸ ಮಾಡಿದವಳ ಸಂಸಾರ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. ದಿನವೂ ಅಲ್ಲ, ಏನಾದರೂ ಕೆಟ್ಟಾಗ ಮಾತ್ರ ನೆನಪಾಗುತ್ತದೆ. ಕರುಣಾಗೆ ಜ್ವರ ಏರಿದರೆ ಚೀಟಿ. ಮಾಸ್ತರ ಸ್ಕೂಟರ್ ಜಾರಿ ಕಾಲು ಮುರಿದರೆ ಚೀಟಿ. ನಾನು ಎರಡು ಸಲ ಬಸಿರಾದೆ, ಎರಡು ಸಲವೂ ನಿಲ್ಲಲಿಲ್ಲ. ದವಾಖಾನೆಯ ಹಾಸಿಗೆಯಲ್ಲಿ ಮಲಗಿ, ದಿನಾ ಬೇರೆಯವರಿಗೆ ಧೈರ್ಯ ಹೇಳುವ ನರ್ಸ್ ನಾನು, ಮಡಚಿದ ಆ ಕಾಗದದ ತುಂಡನ್ನೇ ನೆನೆಯುತ್ತಿದ್ದೆ. ಕಾದಿರು ಎಂದ ದೇವರ ಮಾತು ಮೀರಿದ್ದಕ್ಕೆ ಇದು ಎಂದುಕೊಳ್ಳುತ್ತಿದ್ದೆ. ಕರುಣಾ ಹದಿನಾಲ್ಕಾದಾಗ ಮೊಬೈಲಿನ ವಿಷಯಕ್ಕೆ ಜಗಳವಾಗಿ "ನೀ ನಮ್ಮವ್ವ ಅಲ್ಲ" ಎಂದು ಬಾಗಿಲು ಹಾಕಿಕೊಂಡಳು. ಎರಡು ದಿನದಲ್ಲಿ ಅವಳೇ ಬಂದು ಮಡಿಲಲ್ಲಿ ತಲೆಯಿಟ್ಟಳು, ಮರೆತೂಬಿಟ್ಟಳು. ನನಗೆ ಮರೆಯಲಾಗಲಿಲ್ಲ. ಮಾಸ್ತರಿಗೆ ಇದೇನನ್ನೂ ಹೇಳಲಿಲ್ಲ. ಗಣಿತದವರು, ನಕ್ಕುಬಿಡುತ್ತಾರೆ.

ಇನ್ನು ಅಕ್ಕೋರು. ವರ್ಷಕ್ಕೆ ನಾಲ್ಕು ಸಲವಾದರೂ ತವರಿಗೆ ಹೋದಾಗ ಅವರನ್ನು ನೋಡುತ್ತಿದ್ದೆ. ಪ್ರತಿ ಸಲವೂ ಹೇಳಬೇಕೆಂದು ಬಾಯಿ ತೆರೆಯುವುದು, ಅವರು ಉಂಡೀಯೇನು ಎನ್ನುವುದು, ಉಣ್ಣಲು ಕೂಡುವುದು, ಬಸ್ಸಿನ ಹೊತ್ತಾಗುವುದು. ಒಮ್ಮೆ ಗಟ್ಟಿ ಮನಸ್ಸು ಮಾಡಿ "ಅಕ್ಕೋರ, ಆ ಚೀಟಿ ಅದಾವಲ್ಲ, ಅವು ಖರೇನ ದೇವರ ಮಾತೇನ್ರಿ?" ಎಂದು ಕೇಳಿದೆ. "ಬರಿಯೂಕಿಂತ ಮೊದಲ ಕೈ ತೊಳಕೊಂಡ, ಬಾಗಲಾ ಹಾಕ್ಕೊಂಡ ಪ್ರಾರ್ಥನಾ ಮಾಡ್ತೇನಿ" ಎಂದರು. ಅದು ಉತ್ತರವೇ? ಚೀಟಿಯನ್ನು ನೆಚ್ಚಿ ಕೂತವರನ್ನು ಬೈಯುವವರೂ ಇವರೇ, ಮೊಣಕಾಲೂರಿ ಚೀಟಿ ಬರೆಯುವವರೂ ಇವರೇ. ಇಂಥವರ ಜೊತೆ ಹೇಗೆ ಏಗಬೇಕು?

ಈ ವರ್ಷ ಮಳೆಗಾಲ ಶುರುವಾಗುವ ಮೊದಲು ಅಕ್ಕೋರು ಹಾಸಿಗೆ ಹಿಡಿದಿದ್ದಾರೆಂದು ತಿಳಿಯಿತು. ಕರುಣಾ ಹತ್ತನೇ ಇಯತ್ತೆ ಮುಗಿಸಿದ್ದಳು, ಗೋಕಾಕದಲ್ಲಿ ಒಂದು ಕಾಲೇಜು ನೋಡುವುದಿತ್ತು. ಇಬ್ಬರೂ ಹೋದೆವು. ಬಾಜೂ ಮನೆಯ ಜೈನರ ಅವ್ವ ಬಾಗಿಲು ತೆರೆದಳು. ಕರುಣಾ ಹೊರಗೆ ಕಟ್ಟೆಯ ಮೇಲೆ ಫೋನು ಹಿಡಿದು ಕುಳಿತಳು. ಅಕ್ಕೋರು ಮಂಚದ ಮೇಲೆ ಅರ್ಧವಾಗಿದ್ದರು. ಆ ಎತ್ತರವೆಲ್ಲ ಎಲ್ಲಿ ಹೋಯಿತೋ. ರೂಢಿಯಂತೆ ನಾಡಿ ನೋಡಿದೆ, ಚೆನ್ನಾಗಿರಲಿಲ್ಲ. ಈಗ ಹೇಳದಿದ್ದರೆ ಇನ್ನು ಆಗುವುದಿಲ್ಲ ಎಂದು ಗೊತ್ತಾಯಿತು.

"ಅಕ್ಕೋರ, ನಿಮಗೊಂದ ಹೇಳೂದೈತ್ರಿ."

"ಉಂಡೀಯೇನು?"

"ಉಂಡೇನ್ರಿ. ನಿದ್ದಿನೂ ಆಗೇತಿ. ಸಿಟ್ಟ ನಿಮ್ಮ ಮ್ಯಾಲನ ಐತಿ, ಅದನ್ನ ಹೇಳಾಕ ಬಂದೇನಿ."

ಅವರ ತುಟಿಯ ಮೂಲೆಯಲ್ಲಿ ನಗು ಬಂದಂತಾಯಿತು. ನಾನು ಎಲ್ಲವನ್ನೂ ಹೇಳಿದೆ. ಮೊದಲನೇ ಚೀಟಿ, ಎರಡನೇ ಚೀಟಿ, ಎರಡು ಬಸಿರು, ಬಾಗಿಲು ಹಾಕಿಕೊಂಡ ಹುಡುಗಿ. ಹೇಳುತ್ತ ಹೇಳುತ್ತ ಅಳು ಬಂತು, ಅದಕ್ಕೂ ಸಿಟ್ಟು ಬಂತು. ಅಕ್ಕೋರು ಪೂರ್ತಿ ಕೇಳಿ "ಗೊತ್ತೈತಿ" ಎಂದರು.

"ನೀವು ನೋಡಿದ್ರೇನು?"

"ಕಿಟಕಿ ಗಾಜಿನ್ಯಾಗ ಕಂಡಿತ್ತು."

"ಹನ್ನೆರಡ ವರ್ಷ ಯಾಕ ಹೇಳಲಿಲ್ರಿ?"

"ನೀ ಕೇಳಲಿಲ್ಲ."

ನನಗೆ ಎದ್ದು ಹೋಗಿಬಿಡಬೇಕೆನಿಸಿತು. ಹನ್ನೆರಡು ವರ್ಷ. ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಅಕ್ಕೋರು ಸಾಲೆಯಲ್ಲಿ ಮಗ್ಗಿ ಕೇಳುವಂತೆ ಕೇಳತೊಡಗಿದರು.

"ಮೊದಲನೇ ಚೀಟ್ಯಾಗ ಏನಿತ್ತು?"

"ಕಾದಿರು ಅಂತಿತ್ರಿ."

"ಚೀಟಿ ತಗದದ್ದು ಯಾವಾಗ?"

"ಜನವರಿ ಒಂದನೇ ತಾರೀಕ."

"ಮದಿವಿ?"

"ಮೇ ತಿಂಗಳದಾಗ."

"ನಾಕ ತಿಂಗಳ ಕಾದೀಯಲ್ಲ. ಇನ್ನೆಷ್ಟ ಕಾಯಬೇಕಂತಿದ್ದಿ?"

ನಾನು ಅವರ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಮತ್ತೆ ಹೇಳಿದರು. "ಆ ವರ್ಷ ಕಾದಿರು ಅನ್ನೂದನ್ನ ಒಂಬತ್ತ ಚೀಟ್ಯಾಗ ಬರದಿದ್ದೆ. ಮಣಿಕಟ್ಟ ಬಾತಿತ್ತು. ಸಣ್ಣ ವಾಕ್ಯ ಅಂತ ಅದನ್ನ ಬರದೆ."

ಒಂಬತ್ತು ಚೀಟಿ. ಮಣಿಕಟ್ಟು ಬಾತಿತ್ತಂತೆ. ನಾನು ದವಾಖಾನೆಯ ಹಾಸಿಗೆಯಲ್ಲಿ ಮಲಗಿ ದೇವರ ಕೋಪವೆಂದು ಲೆಕ್ಕ ಹಾಕುತ್ತಿದ್ದದ್ದು ಇವರ ಕೈನೋವನ್ನು. "ಹಂಗಾರ ದೇವರು ಅದರಾಗ ಇರಲೇ ಇಲ್ಲೇನ್ರಿ?" ಎಂದು ಜೋರಾಗಿಯೇ ಕೇಳಿದೆ.

"ಯಾಕ ಇಲ್ಲ? ಪ್ರಾರ್ಥನಾ ಮಾಡೇ ಬರದೇನಿ. ನನ್ನ ಮಣಿಕಟ್ಟ ನೋವಿನ್ಯಾಗೂ ಅಂವ ಇದ್ದ, ಹುಕ್ಕೇರಿ ಬಸ್ಸಿನ್ಯಾಗೂ ಇದ್ದ. ಚೀಟಿ ನಿನಗ ವಿಚಾರ ಮಾಡಾಕ ಕೊಡೂದು. ವಿಚಾರ ಮಾಡೂದು ಬಿಡಾಕಲ್ಲ."

"ಆ ಎರಡ ಕೂಸ?"

ಅಕ್ಕೋರು ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡರು. ಅವರು ಯಾರ ಕೈಯನ್ನೂ ಹಿಡಿದದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. "ಅದು ನನಗ ಗೊತ್ತಿಲ್ಲವ್ವ" ಎಂದರು. "ಗೊತ್ತೈತಿ ಅಂತ ಯಾರರ ಹೇಳಿದ್ರ ಅವರ ಮನಿಗಿ ಹೋಗಬ್ಯಾಡ."

ಹೊರಗೆ ಕರುಣಾ ಫೋನಿನಲ್ಲಿ ಯಾರ ಜೊತೆಗೋ ನಗುತ್ತಿದ್ದಳು. ಅಕ್ಕೋರು ಆ ಕಡೆ ಕಿವಿಗೊಟ್ಟು ಕೇಳಿದರು. ಆಮೇಲೆ ಕಣ್ಣು ಮುಚ್ಚಿಕೊಂಡು, ಮೂರನೇ ಇಯತ್ತೆಯಲ್ಲಿ ತಪ್ಪು ಲೆಕ್ಕ ಬರೆದಾಗಿನ ಅದೇ ದನಿಯಲ್ಲಿ ಹೇಳಿದರು. "ಆ ಚೀಟಿ ತಿರುಗಿ ಹಾಕಿದ್ದಕ್ಕ ಹನ್ನೆರಡ ವರ್ಷ ಕೊರಗೀದಿ. ಈಗ ಏನ್ ಮಾಡಬೇಕಂತಿ? ಈ ಹುಡುಗಿನ್ನೂ ಮಡಚಿ ಡಬ್ಬ್ಯಾಗ ತಿರುಗಿ ಹಾಕ್ತಿಯೇನು?"

ಮಂಚದ ಕೆಳಗೆ ಆ ಕರದಂಟಿನ ಡಬ್ಬಿ ಕಾಣುತ್ತಿತ್ತು, ಮೇಲೆ ಹೊಸ ಲಗ್ನಪತ್ರಿಕೆಗಳ ಒಂದು ಕಟ್ಟು. ಇದನ್ನು ಅಕ್ಕೋರು ನನ್ನ ಮದುವೆಯಾದ ಮೊದಲ ವರ್ಷವೇ ಹೇಳಬಹುದಿತ್ತು, ಎರಡನೆಯ ವರ್ಷ ಹೇಳಬಹುದಿತ್ತು. ಆ ಸಿಟ್ಟು ಇನ್ನೂ ಇದೆ, ಅವರನ್ನು ಮಣ್ಣು ಮಾಡಿ ಬಂದ ಮೇಲೂ ಇದೆ.

ಕಟ್ಟೆಯ ಮೇಲಿಂದ ಕರುಣಾ ಕೂಗಿದಳು. "ಅವ್ವಾ, ಕಾಲೇಜ ಬಂದ್ ಆಗ್ತೈತಿ, ಲಗೂ ಬಾ."

ನಾನು ಅಕ್ಕೋರ ಕೈ ಬಿಡದೆ ಕುಳಿತೇ ಇದ್ದೆ. ಅವರೇ ಕೈ ಬಿಡಿಸಿಕೊಂಡರು.

"ಹೋಗು" ಎಂದರು. "ನಿನ್ನನ್ನ ಕರಿಯಾಕತ್ತಾಳ."

ನಾನು ಎದ್ದು ಹೋದೆ.